ಪೇಟೆ ನಡುವಿನ ಖಾಲಿ ಜಾಗ: ರಿಯಾಯಿತಿ ಕಟ್ಟಡಕ್ಕೋ, ಒಳಗಿನ ವ್ಯಾಪಾರಕ್ಕೋ?

ಪ್ರಶ್ನೆ: ಮಡಿಕೇರಿಯ ಮಹದೇವಪೇಟೆ ಕಡೆ ನಮ್ಮ ತಂದೆಯವರ ಕಾಲದ ಆರು ಸೆಂಟ್ ಜಾಗವಿದೆ. ರಸ್ತೆಗೆ 22 ಅಡಿ ಮುಖ, ಹಿಂದಕ್ಕೆ ಉದ್ದ, ಹಿಂಬದಿ ಇಳಿಜಾರು. ಮುಂಭಾಗದಲ್ಲಿ ಹೆಂಚಿನ ಮಳಿಗೆ ಇದೆ. 2018ರ ಮಳೆಯಲ್ಲಿ ಹಿಂದಿನ ಗೋಡೆ ಕುಸಿದ ಮೇಲೆ ಬಾಡಿಗೆಯವರು ಬಿಟ್ಟುಹೋದರು, ಅಂದಿನಿಂದ ಬಾಗಿಲು ಹಾಕಿದೆ. ನಾವು ಮೂವರು ಅಣ್ಣತಮ್ಮಂದಿರು. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದೆ. ನಾನು ಸೇನೆಯಿಂದ ನಿವೃತ್ತನಾಗಿ ಬಂದವನು. ನನ್ನ ಹೆಂಡತಿ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಮಾರುತ್ತಾಳೆ. ಅಮೆರಿಕದಲ್ಲಿರುವ ಅಕ್ಕನ ಮಗ, ಅಲ್ಲಿ ಪೇಟೆ ನಡುವಿನ ಖಾಲಿ ಜಾಗದಲ್ಲಿ ಕಟ್ಟಿದರೆ ನಗರಾಡಳಿತವೇ ತೆರಿಗೆ ಬಿಡುತ್ತದೆ, ದುಡ್ಡೂ ಕೊಡುತ್ತದೆ ಅನ್ನುತ್ತಾನೆ. ನಮ್ಮಲ್ಲಿ ಅಂಥದ್ದೇನಾದರೂ ಇದೆಯೇ? ಇಲ್ಲದಿದ್ದರೆ ಇದನ್ನು ಮಾರಿ ಕುಶಾಲನಗರ ಕಡೆ ಹೆದ್ದಾರಿ ಬದಿ ಕಟ್ಟುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಆದರೆ ಅದೇ ರೂಪದಲ್ಲಿ ಮಡಿಕೇರಿಯಲ್ಲಿ ಏನೂ ಸಿಗುವುದಿಲ್ಲ. ನಮ್ಮಲ್ಲಿ ಸರ್ಕಾರದ ಸಹಾಯಧನ ಕಟ್ಟಡವನ್ನು ನೋಡಿ ಬರುವುದಿಲ್ಲ, ಅದರೊಳಗೆ ನಡೆಯುವ ಉದ್ಯಮವನ್ನು ನೋಡಿ ಬರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಕಚೇರಿಗೆ ಯಾವ ಕಾಗದ ಹಿಡಿದು ಹೋಗಬೇಕು ಎಂಬ ಗೊಂದಲ ಅರ್ಧ ತೀರುತ್ತದೆ.

ಅಮೆರಿಕದ ನಗರಗಳು ಹಾಗೆ ಮಾಡುವುದಕ್ಕೆ ಅವರದೇ ಕಾರಣವಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಜನ ಕಾರು ಹತ್ತಿ ಹೊರವಲಯಕ್ಕೆ ಹೋದರು, ಅಂಗಡಿಗಳೂ ಅವರ ಹಿಂದೆಯೇ ಹೋದವು. ನಡುಪೇಟೆಯಲ್ಲಿ ಖಾಲಿ ಕಟ್ಟಡ, ಪಾರ್ಕಿಂಗ್ ಬಯಲು ಉಳಿದವು. ಆಸ್ತಿ ತೆರಿಗೆಯಿಂದಲೇ ಬದುಕುವ ನಗರಾಡಳಿತಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಹಾಗಾಗಿ ಫಿಲಡೆಲ್ಫಿಯಾದಂಥ ನಗರ, ಹಳೆಯ ಕಟ್ಟಡವನ್ನು ಹೊಸ ಬಳಕೆಗೆ ತಂದವರಿಗೆ 1997ರಿಂದ, ಹೊಸದಾಗಿ ಕಟ್ಟಿದವರಿಗೆ 2000ದಿಂದ, ಏರಿದ ಮೌಲ್ಯದ ಮೇಲಿನ ತೆರಿಗೆಯನ್ನು ಹತ್ತು ವರ್ಷ ಬಿಟ್ಟುಕೊಟ್ಟಿತು. ಕಟ್ಟಡ ಎದ್ದವು. ಜೊತೆಗೆ ಶಾಲೆಗೆ ಬರಬೇಕಾದ ತೆರಿಗೆ ಶ್ರೀಮಂತರ ಫ್ಲ್ಯಾಟ್‌ಗೆ ಹೋಯಿತು ಎಂಬ ಜಗಳವೂ ಎದ್ದಿತು. 2022ರಿಂದ ಹೊಸ ವಸತಿ ಕಟ್ಟಡಗಳಿಗೆ ಆ ರಿಯಾಯಿತಿಯನ್ನು ಮೊಟಕು ಮಾಡಿದ್ದಾರೆ. ಇನ್ನೊಂದು ವಿಧಾನ ಕ್ಯಾಲಿಫೋರ್ನಿಯಾದಲ್ಲಿ 1952ರಲ್ಲಿ ಶುರುವಾದದ್ದು. ಒಂದು ಬಡಾವಣೆಯಲ್ಲಿ ಮುಂದೆ ಹೆಚ್ಚಾಗಿ ಬರಲಿರುವ ತೆರಿಗೆಯನ್ನು ನಂಬಿ ಇವತ್ತೇ ಸಾಲ ತಂದು, ಅಲ್ಲಿನ ರಸ್ತೆ, ಚರಂಡಿ ಮಾಡುತ್ತಾರೆ.

ನನಗೆ ಇವೆರಡಕ್ಕಿಂತ ಹೆಚ್ಚು ಹಿಡಿಸಿದ್ದು ಪಿಟ್ಸ್‌ಬರ್ಗ್ ನಗರದ ಹಳೆಯ ಪದ್ಧತಿ. 1913ರಿಂದ 2001ರವರೆಗೆ ಅಲ್ಲಿ ನೆಲಕ್ಕೆ ಹೆಚ್ಚು ದರ, ಅದರ ಮೇಲಿನ ಕಟ್ಟಡಕ್ಕೆ ಕಡಿಮೆ ದರ. ಜಾಗವನ್ನು ಸುಮ್ಮನೆ ಬಿಟ್ಟುಕೊಂಡವನಿಗೆ ಹೊರೆ, ಕಟ್ಟಿದವನಿಗೆ ಹಗುರ. ನಮ್ಮಲ್ಲಿ ಇದರ ತಲೆಕೆಳಗು. ಖಾಲಿ ನಿವೇಶನಕ್ಕೆ ತೆರಿಗೆ ಕಡಿಮೆ. ಹಳೆಯ ಕಟ್ಟಡಕ್ಕೆ ವಯಸ್ಸಿನ ಲೆಕ್ಕದಲ್ಲಿ ಸವಕಳಿ ಕಳೆದು ಇನ್ನೂ ಕಡಿಮೆ. ಹೊಸದಾಗಿ ಕಟ್ಟಿ ಅಂಗಡಿ ತೆರೆದ ದಿನವೇ ವಾಣಿಜ್ಯ ದರ. ನಿಮ್ಮ ಮಳಿಗೆಗೆ ಇಷ್ಟು ವರ್ಷ ಬಾಗಿಲು ಹಾಕಿಟ್ಟರೂ ಮನೆಯಲ್ಲಿ ಯಾರಿಗೂ ಅವಸರ ಹುಟ್ಟದಿರಲು ಇದೂ ಒಂದು ಕಾರಣ ಇರಬಹುದು.

ಇನ್ನು ಮಡಿಕೇರಿ. ಇದು ಜನ ಬಿಟ್ಟುಹೋದ ಪೇಟೆಯಲ್ಲ. 2011ರ ಜನಗಣತಿಯಂತೆ 33,381 ಜನರಿರುವ ಊರು. ಶನಿವಾರ, ಭಾನುವಾರ ರಾಜಾಸೀಟ್ ಕಡೆಗೆ ಕಾರು ನುಗ್ಗಿದರೆ ನಡೆದು ಹೋಗುವವನಿಗೂ ದಾರಿ ಸಿಗುವುದಿಲ್ಲ. ಶುಕ್ರವಾರದ ಸಂತೆ ಬೇರೆ. ಇಲ್ಲಿ ಗಿರಾಕಿಯ ಕೊರತೆ ಇಲ್ಲ, ವ್ಯಾಪಾರಕ್ಕೆ ಸಿದ್ಧವಾದ ಜಾಗದ ಕೊರತೆ. ಜಾಗವಿದ್ದರೂ ಪಾಲು ಆಗಿರುವುದಿಲ್ಲ, ಇಲ್ಲವೇ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇರುತ್ತದೆ, ಇಲ್ಲವೇ ನಿಯಮ ಬಿಡುವುದಿಲ್ಲ. ನಿಮ್ಮ ಆರು ಸೆಂಟ್‌ನಲ್ಲಿ ಮೂರೂ ಇವೆ.

ಪಾಲಿನ ವಿಷಯ ಮೊದಲು. ತೀರಿಹೋದವರ ಹೆಸರಿನ ಖಾತೆಯ ಮೇಲೆ ಕಟ್ಟಡ ಪರವಾನಗಿ ಆಗುವುದಿಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ, ಸಹಾಯಧನದ ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ ಹಿಡಿದು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ತಂಗಿಯರೂ ಅಕ್ಕಂದಿರೂ ಹಕ್ಕುದಾರರೇ. ಅಮೆರಿಕದ ಹುಡುಗನ ತಾಯಿಯನ್ನು ಮರೆತು ಮೂವರೇ ಗಂಡುಮಕ್ಕಳು ಅಂತ ಬರೆಸಿದರೆ ಆ ಕಾಗದ ಮುಂದೊಂದು ದಿನ ನ್ಯಾಯಾಲಯ ಹತ್ತುತ್ತದೆ. ಆಮೇಲೆ ನೋಂದಾಯಿತ ವಿಭಾಗಪತ್ರವೋ, ಪಾಲಿನ ಹಕ್ಕು ಬಿಟ್ಟುಕೊಡುವ ಹಕ್ಕುಖುಲಾಸೆಯೋ ಮಾಡಿಕೊಳ್ಳಿ. ಮಾರಾಟದ ಕ್ರಯಪತ್ರಕ್ಕೆ ಬೆಲೆಯ ಮೇಲೆ ಶೇ. 5 ಮುದ್ರಾಂಕ, ಅದರ ಮೇಲೆ ಮೇಲ್ತೆರಿಗೆ, 2025ರ ಆಗಸ್ಟ್ 31ರಿಂದ ಶೇ. 2 ನೋಂದಣಿ ಶುಲ್ಕ ಬೀಳುತ್ತದೆ. ಕುಟುಂಬದೊಳಗಿನ ವಿಭಾಗಕ್ಕೆ ಹಾಗಲ್ಲ, ಪಾಲಿಗೆ ಇಷ್ಟು ಎಂದು ನಿಗದಿಯಾದ ಸಣ್ಣ ಮೊತ್ತ. ಆರು ಸೆಂಟನ್ನು ಉದ್ದುದ್ದ ಮೂರು ಸೀಳು ಮಾಡಿ ಏಳೇಳು ಅಡಿ ಹಂಚಿಕೊಳ್ಳುವ ಹುಚ್ಚು ಮಾತ್ರ ಬೇಡ. ಹಾಗೆ ಸೀಳಿದ ಮೇಲೆ ಅಲ್ಲಿ ಯಾವ ಕಟ್ಟಡಕ್ಕೂ ಪರವಾನಗಿ ಹುಟ್ಟುವುದಿಲ್ಲ. ಜಾಗ ಒಬ್ಬರಿಗೆ, ಉಳಿದವರಿಗೆ ತೋಟದಲ್ಲೋ ಹಣದಲ್ಲೋ ಸರಿದೂಗಿಸಿ. ಇಲ್ಲವೇ ಪಾಲುಗಾರಿಕೆ ಸಂಸ್ಥೆ ಮಾಡಿ ಬಾಡಿಗೆ ಹಂಚಿಕೊಳ್ಳಿ. ಖಾತೆ ಬದಲಾದ ಕೂಡಲೇ ನಗರಸಭೆಯಿಂದ ಇ-ಆಸ್ತಿಯ ನಮೂನೆ-3, ಅಂದರೆ ಗಣಕೀಕೃತ ಆಸ್ತಿ ದಾಖಲೆ, ತೆಗೆದುಕೊಳ್ಳಿ. ನೋಂದಣಿ ಕಚೇರಿಗೂ ಬ್ಯಾಂಕಿಗೂ ಈಗ ಅದಿಲ್ಲದೆ ಮಾತಿಲ್ಲ.

ಇಂಥ ಮಳಿಗೆಗೆ ನಗರಸಭೆ ನೇರವಾಗಿ ಕೊಡುವ ರಿಯಾಯಿತಿ ಒಂದೇ ಒಂದು: ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇ. 5 ಕಡಿತ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಬಾಕಿ ಎಷ್ಟಿದೆ ನೋಡಿ, ವರ್ಷಗಟ್ಟಲೆ ಸುಮ್ಮನಿದ್ದರೆ ಅಸಲಿಗಿಂತ ದಂಡ ದೊಡ್ಡದಾಗಿರುತ್ತದೆ.

ಈಗ ನಿಜವಾದ ತೊಡಕು, ಕಟ್ಟಡ ನಿಯಮ. ಒಂದು ಸೆಂಟ್ 435.6 ಚದರ ಅಡಿ. ನಿಮ್ಮದು ಸುಮಾರು 2,600 ಚದರ ಅಡಿ ಆಯಿತು. ಸಣ್ಣದೇನಲ್ಲ. ಆದರೆ ಮುಖ 22 ಅಡಿ. ಇದನ್ನು ಕೆಡವಿ ಹೊಸ ಕಟ್ಟಡಕ್ಕೆ ಅರ್ಜಿ ಹಾಕಿದರೆ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗದ ಪ್ರಶ್ನೆ ಬರುತ್ತದೆ. ಎರಡೂ ಪಕ್ಕ ಒಂದೂವರೆ ಮೀಟರ್ ಬಿಡಬೇಕಾಗಿ ಬಂತು ಅಂತಿಟ್ಟುಕೊಳ್ಳಿ, ಸುಮಾರು ಹತ್ತಡಿ ಹೋಯಿತು. ಉಳಿದದ್ದು ಹನ್ನೆರಡು ಅಡಿ. ಎರಡು ಗೋಡೆಯ ದಪ್ಪ, ಮೇಲಕ್ಕೆ ಹತ್ತಲು ಮೆಟ್ಟಿಲು ಕಳೆದರೆ ಒಳಗೆ ನಿಂತು ಎರಡು ಕೈ ಚಾಚಲು ಜಾಗ. ಅದರ ಮೇಲೆ ಪಾರ್ಕಿಂಗ್. ಒಂದು ಕಾರು ನಿಲ್ಲಲು, ತಿರುಗಲು ಸೇರಿ ಸುಮಾರು 25 ಚದರ ಮೀಟರ್ ಬೇಕು, ಅಂದರೆ ಅರ್ಧ ಸೆಂಟಿಗಿಂತ ಹೆಚ್ಚು. ಮುಂದೆ ಎರಡು ಕಾರು ನಿಲ್ಲಿಸಿದರೆ ಅಂಗಡಿಯ ಮುಖವೇ ಮುಚ್ಚಿತು. ಹಳೆ ಪೇಟೆಯ ಸಾಲಂಗಡಿಗಳು ಗೋಡೆಗೆ ಗೋಡೆ ತಾಗಿ ನಿಂತದ್ದು ಈ ನಿಯಮ ಬರುವುದಕ್ಕೆ ಎಷ್ಟೋ ಮೊದಲು. ಬಯಲುಸೀಮೆಯ ಬಡಾವಣೆಗೆ ಹೊಂದುವ ಲೆಕ್ಕವನ್ನು ಗುಡ್ಡದ ಪೇಟೆಗೆ ಹಾಕಿದರೆ ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರ 2017ರಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮವನ್ನೇ ಊರಿಡೀ ತೆಗೆದುಹಾಕಿತು. ನಗರಾಡಳಿತದ ಕೈಯಿಂದ ಒಂದು ಕಾಸೂ ಕೊಡದೆ ಮಾಡಿದ ಪ್ರೋತ್ಸಾಹ ಅದು. ಮಡಿಕೇರಿಗೆ ಬೇಕಾದ್ದು ಇಂಥದ್ದೇ ಎಂಬುದು ನನ್ನ ಅಭಿಪ್ರಾಯ. ಪೇಟೆಯ ಅಂಚಿನಲ್ಲಿ ಒಂದೆರಡು ಸಾರ್ವಜನಿಕ ಪಾರ್ಕಿಂಗ್ ಮಾಡಿ, ಒಳಗಿನ ಸಣ್ಣ ನಿವೇಶನಗಳಿಂದ ಅದಕ್ಕೊಂದು ಶುಲ್ಕ ಪಡೆದು, ಮನೆಮುಂದಿನ ಪಾರ್ಕಿಂಗ್ ಹಟ ಬಿಡುವುದು.

ಅದಾಗುವವರೆಗೆ ನಿಮಗೆ ನನ್ನ ಸಲಹೆ: ಪೂರ್ತಿ ಕೆಡವಬೇಡಿ. ಮುಂದಿನ ಹೆಂಚಿನ ಮಳಿಗೆಯ ಗೋಡೆಗಳು ಗಟ್ಟಿ ಇದ್ದರೆ ಅವನ್ನು ಉಳಿಸಿಕೊಂಡು ದುರಸ್ತಿ ಎಂದೇ ಅರ್ಜಿ ಹಾಕಿ. ಇರುವ ಪಾಯದ ಮೇಲೆ ದುರಸ್ತಿ ಮಾಡುವವನಿಗೂ ನೆಲಸಮ ಮಾಡಿ ಹೊಸದಾಗಿ ಏಳಿಸುವವನಿಗೂ ನಿಯಮದ ಬಿಗಿ ಒಂದೇ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯಿರಿ, ಮೇಸ್ತ್ರಿಯ ಬಾಯಿಮಾತು ಸಾಲದು. ಜೊತೆಗೆ ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದು ಮೂರು ವಿಷಯ ಲಿಖಿತವಾಗಿ ಕೇಳಿ: ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ, ಸಾಲುಕಟ್ಟಡಕ್ಕೆ ಪಕ್ಕದ ಸೆಟ್‌ಬ್ಯಾಕ್ ವಿನಾಯಿತಿ ಅನ್ವಯಿಸುತ್ತದೆಯೇ, ರಸ್ತೆ ವಿಸ್ತರಣೆಯ ಗೆರೆ ಎಲ್ಲಿ ಬರುತ್ತದೆ. ರಸ್ತೆಗೆ ಜಾಗ ಬಿಡಬೇಕಾಗಿ ಬಂದರೆ ಬಿಟ್ಟಿಯಾಗಿ ಬಿಡಬೇಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಕಲಮಿನಲ್ಲಿ, ಬಿಟ್ಟ ಜಾಗಕ್ಕೆ ಬದಲಾಗಿ ಹೆಚ್ಚುವರಿ ಕಟ್ಟಡ ವಿಸ್ತೀರ್ಣದ ಹಕ್ಕು ಕೊಡಲು ಅವಕಾಶವಿದೆ. ಇದನ್ನು ಟಿಡಿಆರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದಕ್ಕೆ ಮಾರುಕಟ್ಟೆ ಇದೆ. ಮಡಿಕೇರಿಯಲ್ಲಿ ಕೊಳ್ಳುವವರನ್ನು ನಂಬಿ ಲೆಕ್ಕ ಹಾಕಬೇಡಿ, ನಿಮ್ಮದೇ ಜಾಗದಲ್ಲಿ ಬಳಸಲು ಬಂದರೆ ಲಾಭ.

ಕೋಟೆಗೆ ಎಷ್ಟು ದೂರ ಎಂಬುದನ್ನೂ ಅಳೆಸಿ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಮಹದೇವಪೇಟೆಯ ಬಹುಭಾಗಕ್ಕೆ ಇದು ತಟ್ಟಲಾರದು. ಆದರೂ ಊಹೆಯ ಮೇಲೆ ಪಾಯ ತೋಡಬಾರದು.

ಬರೆಯ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಬರೆಯುತ್ತೇನೆ. ಹಿಂದಿನ ಇಳಿಜಾರನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಸಮತಟ್ಟು ಮಾಡಿ, ಒಂದು ತಡೆಗೋಡೆ ಕಟ್ಟಿದರಾಯಿತು ಎಂದು ನಿಮಗೆ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯದೇ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲಿ ಗುಡ್ಡ ಕುಸಿದು ಏನಾಯಿತೆಂದು ನೀವೇ ಕಂಡಿದ್ದೀರಿ. ಆಮೇಲೆ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಅತಿಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನು ಕಾರಣವಾಗಿ ಹೇಳಿದೆ. ನಮ್ಮ ಮಣ್ಣು ಆಳದವರೆಗೆ ಶಿಥಿಲವಾದ ಕಲ್ಲಿನದು. ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ, ವಾರವಿಡೀ ಮಳೆ ಕುಡಿದ ಮೇಲೆ ಹಿಟ್ಟಿನಂತೆ ಜಾರುತ್ತದೆ. ನಿಮ್ಮ ಜಾಗದಲ್ಲಿ ಇಳಿಜಾರನ್ನು ಹಾಗೇ ಬಿಟ್ಟು ಅದರ ಮೇಲೆ ಕಂಬಗಳ ಮೇಲೆ ಕಟ್ಟಬಹುದು. ರಸ್ತೆ ಮಟ್ಟದಲ್ಲಿ ಅಂಗಡಿ, ಅದರ ಕೆಳಗೆ ಹಿಂಬದಿಗೆ ತೆರೆದುಕೊಳ್ಳುವ ಒಂದು ಅಂತಸ್ತು. ಎತ್ತರ ಹೆಚ್ಚದೆ ವಿಸ್ತೀರ್ಣ ಹೆಚ್ಚುತ್ತದೆ. ತಡೆಗೋಡೆ ಬೇಕೇಬೇಕಾದರೆ ನೀರು ಸೋರಿಹೋಗುವ ಕೊಳವೆಗಳಿಲ್ಲದ ಗೋಡೆ ಬೇಡ. ಗೋಡೆಯನ್ನು ಕೆಡವುವುದು ಮಣ್ಣಿಗಿಂತ ಅದರ ಹಿಂದೆ ನಿಂತ ನೀರು. ಛಾವಣಿಯ ನೀರು ಪೈಪಿನಲ್ಲಿ ಕೆಳಗಿನ ಮೋರಿಗೆ ಹೋಗಬೇಕೇ ಹೊರತು ಬರೆಗೆ ಬೀಳಬಾರದು. ಮಳೆಗಾಲದಲ್ಲಿ ಮಣ್ಣು ತೆಗೆಯುವುದಕ್ಕೆ ಜಿಲ್ಲಾಡಳಿತ ನಿಷೇಧ ಹಾಕುವುದು ವಾಡಿಕೆ. ಆದ್ದರಿಂದ ಪಾಯದ ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸುವ ಹಾಗೆ ಪರವಾನಗಿಯ ಓಡಾಟ ಮಳೆಗಾಲದಲ್ಲೇ ಮುಗಿಸಿಕೊಳ್ಳಿ.

ಕೆಲಸ ಮುಗಿದ ಮೇಲೆ, ಕಟ್ಟಡ ನಕ್ಷೆಯಂತಿದೆ, ಬಳಸಬಹುದು ಎಂಬ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ತಪ್ಪದೆ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟ್‌ನ 2024ರ ಡಿಸೆಂಬರ್ ತೀರ್ಪಿನ ನಂತರ ಓಸಿ ಇಲ್ಲದ ಹೊಸ ವಾಣಿಜ್ಯ ಕಟ್ಟಡಕ್ಕೆ ವಿದ್ಯುತ್ ಕಂಪನಿಗಳು ಕಾಯಂ ಸಂಪರ್ಕ ಕೊಡಲು ಒಪ್ಪುವುದಿಲ್ಲ. ನಕ್ಷೆಯಲ್ಲೊಂದು, ನೆಲದ ಮೇಲೊಂದು ಮಾಡುವ ನಮ್ಮ ಹಳೆಯ ಚಾಳಿಗೆ ಇದು ಚೆನ್ನಾಗಿಯೇ ಬಿದ್ದ ಪೆಟ್ಟು.

ಇನ್ನು ದುಡ್ಡು. ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಗಮನ ಕೊಡದೆ ಒಂದು ಸಾಲಿನಲ್ಲಿ ಬರೆದ ಕಾಫಿ ಪುಡಿಯ ವಿಷಯವೇ ನಿಮ್ಮ ಕೈಯಲ್ಲಿರುವ ತುರುಪಿನ ಎಲೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಅಂದರೆ ಪಿಎಂಎಫ್‌ಎಂಇಯಲ್ಲಿ, ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಕೊಡಗಿಗೆ ಸಿಕ್ಕಿದ್ದು ಕಾಫಿ. ಕೇಂದ್ರದ ಶೇ. 35ರ ಮೇಲೆ ಕರ್ನಾಟಕ ಸರ್ಕಾರ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂಪಾಯಿಯವರೆಗೆ ಸಹಾಯಧನ ಕೊಡುತ್ತದೆ. ನಿಮ್ಮ ಕೈಯಿಂದ ಶೇ. 10 ಹಾಕಿ, ಉಳಿದದ್ದು ಬ್ಯಾಂಕ್ ಸಾಲ. ಹುರಿಯುವ ಯಂತ್ರ, ಪುಡಿ ಮಾಡುವ ಯಂತ್ರ, ಪ್ಯಾಕಿಂಗ್ ಎಲ್ಲ ಸೇರಿ 12 ಲಕ್ಷದ ಘಟಕ ಅಂತಿಟ್ಟುಕೊಂಡರೆ 6 ಲಕ್ಷ ಸಹಾಯಧನ. ಅರ್ಜಿ ಪತ್ನಿಯ ಹೆಸರಿನಲ್ಲಿರಲಿ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ, ಕೆಲಸ ಬಲ್ಲವರು ಅವರೇ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಮೂಲಕ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಯೋಜನಾ ವರದಿ ಬರೆದುಕೊಡುವುದು ಅವರ ಕೆಲಸ, ಅವರ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ. ವರದಿಗೆ ನಿಮ್ಮಿಂದ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿ ಬಂದರೆ ಬಾಗಿಲು ತೋರಿಸಿ.

ಆದರೆ ಇಲ್ಲೂ ಮೊದಲು ಹೇಳಿದ ಮಾತೇ. ನೆಲದ ಬೆಲೆ ಯೋಜನಾ ವೆಚ್ಚದಲ್ಲಿ ಸೇರುವುದಿಲ್ಲ, ಸಿವಿಲ್ ಕೆಲಸಕ್ಕೂ ಮಿತಿ ಇದೆ. ಮಳಿಗೆಯ ದುರಸ್ತಿಯ ಖರ್ಚನ್ನು ಇದರ ಮೇಲೆ ಹೇರುವ ಲೆಕ್ಕ ಬೇಡ. ಸಹಾಯಧನವೂ ಕೈಗೆ ಬರುವುದಲ್ಲ, ಸಾಲದ ಖಾತೆಯ ಪಕ್ಕದಲ್ಲಿ ಮೂರು ವರ್ಷ ಕೂತಿದ್ದು, ಕಂತು ಸರಿಯಾಗಿ ಕಟ್ಟಿದರೆ ಹೊಂದಾಣಿಕೆಯಾಗುತ್ತದೆ.

ನಿಮ್ಮಂಥ ನಿವೃತ್ತ ಸೈನಿಕರಿಗೆ ಎಲ್ಲರೂ ಹೇಳುವುದು ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೂ ಮೊದಲು ಅದೇ ಹೆಸರು ಬರುತ್ತದೆ. ತಯಾರಿಕೆಗೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ. ಮಾಜಿ ಸೈನಿಕರು ವಿಶೇಷ ವರ್ಗದಲ್ಲಿ ಬರುತ್ತಾರೆ, ಸ್ವಂತ ಪಾಲು ಶೇ. 5 ಸಾಕು. ಆದರೆ ಇದರ ದರ ನೋಡಿ: ಈ ವರ್ಗಕ್ಕೆ ನಗರದಲ್ಲಿ ಶೇ. 25, ಗ್ರಾಮೀಣ ಪ್ರದೇಶದಲ್ಲಿ ಶೇ. 35. ಅಂದರೆ ಅದೇ ಯಂತ್ರವನ್ನು ನಗರಸಭೆ ಗಡಿಯ ಆಚೆ ಪಂಚಾಯಿತಿ ಜಾಗದಲ್ಲಿ ಇಟ್ಟರೆ ಶೇ. 10 ಹೆಚ್ಚು. ಹಳ್ಳಿಯಲ್ಲಿ ಉದ್ಯೋಗ ಹುಟ್ಟಲಿ ಎಂಬ ಉದ್ದೇಶ ಒಳ್ಳೆಯದೇ. ಕೊಡಗಿನಂಥ ಜಿಲ್ಲೆಯಲ್ಲಿ ಮಾತ್ರ ಅದರ ಪರಿಣಾಮ, ಪೇಟೆಯ ಸಿದ್ಧ ಕಟ್ಟಡ ಬಿಟ್ಟು ತೋಟದ ಅಂಚಿನಲ್ಲಿ ಬರೆ ಕಡಿದು ಶೆಡ್ ಹಾಕುವುದಕ್ಕೆ ಬಹುಮಾನ ಕೊಟ್ಟ ಹಾಗೆ. ಒಂದೇ ಘಟಕಕ್ಕೆ ಎರಡು ಕಡೆಯಿಂದ ಸಹಾಯಧನ ಆಗುವುದಿಲ್ಲ. ಕಾಫಿಗೆ ಪಿಎಂಎಫ್‌ಎಂಇಯೇ ಲಾಭ. ಎರಡರ ಅವಧಿಯೂ 2025-26ರವರೆಗೆ ನಿಗದಿಯಾಗಿತ್ತು, ಅರ್ಜಿಗೆ ಮೊದಲು ಮುಂದುವರಿಕೆಯ ಆದೇಶ ಕೇಳಿ ನೋಡಿ. ಕಾಫಿ ಮಂಡಳಿಯಲ್ಲೂ ಹುರಿಯುವ, ಪುಡಿ ಮಾಡುವ ಯಂತ್ರಗಳಿಗೆ ನೆರವು ಇರುವುದುಂಟು, ವಿಚಾರಿಸಿ. ಕೆಳ ಅಂತಸ್ತಿನಲ್ಲಿ ಹುರಿಯುವ ಯಂತ್ರ, ಮೇಲೆ ರಸ್ತೆ ಮಟ್ಟದಲ್ಲಿ ಮಾರಾಟ ಅಂತ ಇಟ್ಟುಕೊಂಡರೆ ಹೊಗೆಕೊಳವೆಯನ್ನು ಪಕ್ಕದವರ ಕಿಟಕಿಗಿಂತ ಮೇಲಕ್ಕೆ ಒಯ್ಯಿರಿ. ನಗರಸಭೆಯ ಉದ್ಯಮ ಪರವಾನಗಿಗೆ ಮೊದಲ ತಕರಾರು ಬರುವುದು ಪಕ್ಕದ ಮನೆಯಿಂದಲೇ.

ಮೇಲಂತಸ್ತಿನಲ್ಲಿ ಕೋಣೆ ಕಟ್ಟಿ ಪ್ರವಾಸಿಗರಿಗೆ ಕೊಡುವ ಯೋಚನೆ ನಿಮಗೆ ಬಂದೇ ಬರುತ್ತದೆ. ರಾಜ್ಯದ 2024-29ರ ಪ್ರವಾಸೋದ್ಯಮ ನೀತಿಯಲ್ಲಿ ಬಂಡವಾಳ ಸಹಾಯಧನ, ಮುದ್ರಾಂಕ ವಿನಾಯಿತಿ ಎಲ್ಲ ಇವೆ. ಅವು ನಿಮ್ಮ ಗಾತ್ರದವರಿಗಿಂತ ಹೋಟೆಲು ಕಟ್ಟುವವರನ್ನು ನೋಡಿ ಬರೆದಂಥವು. ಆರು ಸೆಂಟ್‌ನಲ್ಲಿ ಅದರ ಹಿಂದೆ ಬೀಳಬೇಡಿ.

ಕೊನೆಗೆ ಕುಶಾಲನಗರದ ಪ್ರಶ್ನೆ. ಸಮತಟ್ಟು ನೆಲ, ಕೂಡ್ಲೂರಿನ ಕೈಗಾರಿಕಾ ಪ್ರದೇಶ, ಕಾಫಿ ಸಂಸ್ಕರಣಾ ಘಟಕಗಳು ಹತ್ತಿರ, ಲಾರಿ ಓಡಾಟ ಸಲೀಸು. ದೊಡ್ಡ ಪ್ರಮಾಣದಲ್ಲಿ ಹುರಿದು ಹೊರಗೆ ಕಳಿಸುವುದಾದರೆ ಅದೇ ಸರಿ. ಚಿಲ್ಲರೆ ಮಾರಾಟಕ್ಕೆ ಅಲ್ಲ. ಹೆದ್ದಾರಿ ಬದಿಯ ಜಾಗಕ್ಕೆ ಭೂಪರಿವರ್ತನೆ ಬೇಕು, ಹೆದ್ದಾರಿಯಿಂದ ದೂರ ಬಿಡಬೇಕು, ನೀರು, ಚರಂಡಿ ನೀವೇ ಮಾಡಿಕೊಳ್ಳಬೇಕು. ಪೇಟೆಯಲ್ಲಿ ಇವೆಲ್ಲ ಆಗಲೇ ಇವೆ. ಕಾಗದದಲ್ಲಿ ಯಾರೂ ಪ್ರೋತ್ಸಾಹ ಎಂದು ಬರೆಯದಿದ್ದರೂ ನಿಮಗೆ ಸಿಕ್ಕಿರುವ ಅತಿ ದೊಡ್ಡ ರಿಯಾಯಿತಿ ಇದೇ. ಕಾವೇರಿ ದಡದ ಕುಶಾಲನಗರದ ಕೆಲವು ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿದ್ದು ಮರೆಯಬೇಡಿ. ಗುಡ್ಡೆಹೊಸೂರಿನವರೆಗಿನ ಚತುಷ್ಪಥ ರಸ್ತೆಯ ಗೆರೆ ಎಲ್ಲಿ ಹೋಗುತ್ತದೆಂದು ನೋಡದೆ ಹಳೆಯ ರಸ್ತೆಯ ಬದಿ ದುಬಾರಿ ಬೆಲೆಗೆ ಕೊಳ್ಳಲೂಬೇಡಿ.

ಅಣ್ಣತಮ್ಮಂದಿರಲ್ಲಿ ಒಮ್ಮತವಾಗದೆ ಮಾರಲೇಬೇಕಾಗಿ ಬಂದರೂ ಖಾತೆ, ವಿಭಾಗ, ನಮೂನೆ-3 ಮುಗಿಸಿಯೇ ಮಾರಿ. ಜಿಪಿಎ, ಅಂದರೆ ಬರೀ ಅಧಿಕಾರಪತ್ರ ಕೊಟ್ಟು ಕೈತೊಳೆದುಕೊಂಡರೆ ಬೆಲೆಯಲ್ಲಿ ದೊಡ್ಡ ಪಾಲು ಕೊಂಡವನಿಗೇ ಹೋಗುತ್ತದೆ. ಬಂಡವಾಳ ಲಾಭದ ತೆರಿಗೆಗೆ, 2024ರ ಜುಲೈ 23ಕ್ಕೆ ಮೊದಲೇ ಕುಟುಂಬಕ್ಕೆ ಬಂದ ಆಸ್ತಿಯಾದ್ದರಿಂದ, ಹಣದುಬ್ಬರದ ಸೂಚ್ಯಂಕ ಹಾಕಿ ಶೇ. 20, ಹಾಕದೆ ಶೇ. 12.5, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ರ ಏಪ್ರಿಲ್ 1ರ ಮೌಲ್ಯವನ್ನು ಹಿಡಿಯಲು ನೋಂದಾಯಿತ ಮೌಲ್ಯಮಾಪಕರ ವರದಿ ಬೇಕಾಗುತ್ತದೆ. ಅದನ್ನು ಮುಂಗಡ ಹಣ ಪಡೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ.